ಐದು ಮಿಲಿಸೆಕೆಂಡಿನ ಲೆಕ್ಕ: ಕಾರಿನಿಂದ ಡಿಸ್ಟ್ರಿಬ್ಯೂಟರ್ ಮಾಯವಾದದ್ದು ಯಾಕೆ?

ಹಳೆಯ ಪ್ರೀಮಿಯರ್ ಪದ್ಮಿನಿಯದ್ದೋ, ಕಾರ್ಬುರೇಟರ್ ಕಾಲದ ಮಾರುತಿ 800ರದ್ದೋ ಬಾನೆಟ್ ಎತ್ತಿ ನೋಡಿ. ಎಂಜಿನ್‌ನಲ್ಲಿ ಮುಷ್ಟಿಗಾತ್ರದ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ತಲೆಯಿಂದ ದಪ್ಪ ವೈರುಗಳು ಹೊರಟು, ಪ್ಲಗ್ಗಿಗೆ ಒಂದರಂತೆ ಹೋಗಿರುತ್ತವೆ. ಅದೇ ಡಿಸ್ಟ್ರಿಬ್ಯೂಟರ್. ಈಗಿನ ಪೆಟ್ರೋಲ್ ಕಾರುಗಳಲ್ಲಿ ಆ ಮುಚ್ಚಳ ಇಲ್ಲ. ಹೆಚ್ಚಿನವುಗಳಲ್ಲಿ ದಪ್ಪ ವೈರುಗಳೂ ಇಲ್ಲ. ಪ್ಲಗ್ಗಿನ ನೆತ್ತಿಯ ಮೇಲೇ ಒಂದೊಂದು ಕಾಯಿಲ್ ಕೂತಿರುತ್ತದೆ.

"ಹಳೆಯದು ಮೆಕ್ಯಾನಿಕಲ್, ಹೊಸದು ಎಲೆಕ್ಟ್ರಾನಿಕ್" ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟೋ ದಶಕ ನಿಯತ್ತಾಗಿ ದುಡಿದ ಒಂದು ಯಂತ್ರವನ್ನು ಕಾರು ಕಂಪನಿಗಳು ಒಂದಾದ ಮೇಲೊಂದು ಕೈಬಿಟ್ಟವು. ಅದಕ್ಕೆ ಗಟ್ಟಿ ಕಾರಣ ಇರಲೇಬೇಕು ಅಲ್ವಾ? ಒಂದು ಕಿಡಿಗೂ ಮುಂದಿನ ಕಿಡಿಗೂ ನಡುವೆ ಸಿಗುವ ಸಮಯವೇ ಆ ಕಾರಣ. ಕೆಲವೇ ಮಿಲಿಸೆಕೆಂಡುಗಳ ಲೆಕ್ಕ ಅದು. ಆ ಲೆಕ್ಕ ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಸ್ವಲ್ಪ ಬುಡದಿಂದಲೇ ಶುರು ಮಾಡೋಣ.

12 ವೋಲ್ಟಿನ ಬ್ಯಾಟರಿ, ಸಾವಿರಾರು ವೋಲ್ಟಿನ ಕಿಡಿ

ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರಿನಷ್ಟು ಸಂದು ಇರುತ್ತದೆ. ಆ ಸಂದನ್ನು ಕರೆಂಟ್ ಹಾರಿ ದಾಟಬೇಕು. ಹೊರಗಿನ ಗಾಳಿಯಲ್ಲಾದರೆ ಕೆಲವು ಸಾವಿರ ವೋಲ್ಟ್ ಸಾಕು. ಆದರೆ ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒತ್ತಿಹೋಗಿರುತ್ತದೆ. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರುವುದು ಕಷ್ಟ. ಸಾಮಾನ್ಯ ಎಂಜಿನ್ನಿಗೆ 10,000ದಿಂದ 20,000 ವೋಲ್ಟ್ ಬೇಕಾಗುತ್ತದೆ. ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಕಾರಿನಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿ.

ಈ ಅಂತರ ತುಂಬುವುದು ಇಗ್ನಿಷನ್ ಕಾಯಿಲ್. ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುತ್ತು. ದಪ್ಪ ತಂತಿಯ ಮೊದಲ ಸುತ್ತಿನಲ್ಲಿ ಕೆಲವು ನೂರು ಸುರುಳಿ. ಕೂದಲಿನಷ್ಟು ತೆಳುವಾದ ತಂತಿಯ ಎರಡನೆಯ ಸುತ್ತಿನಲ್ಲಿ ಅದರ ಸುಮಾರು ನೂರು ಪಟ್ಟು. ಬ್ಯಾಟರಿಯ ಕರೆಂಟ್ ಮೊದಲ ಸುತ್ತಿನಲ್ಲಿ ಹರಿದಾಗ ತಿರುಳಿನ ಸುತ್ತ ಕಾಂತಕ್ಷೇತ್ರ ಬೆಳೆಯುತ್ತದೆ. ಆಗ ಕಿಡಿ ಬರುವುದಿಲ್ಲ. ಕಿಡಿ ಬರುವುದು ಆ ಕರೆಂಟನ್ನು ಥಟ್ಟನೆ ನಿಲ್ಲಿಸಿದಾಗ. ಜೋರಾಗಿ ಹರಿಯುತ್ತಿರುವ ನಲ್ಲಿಯನ್ನು ಒಮ್ಮೆಲೇ ಮುಚ್ಚಿದರೆ ಪೈಪಿನೊಳಗೆ ಧಡ್ ಎಂದು ಹೊಡೆತ ಕೇಳಿಸುತ್ತದಲ್ಲ, ಆ ಬಗೆಯದ್ದು ಇದು. ಕಾಂತಕ್ಷೇತ್ರ ಕ್ಷಣದಲ್ಲಿ ಕುಸಿಯುತ್ತದೆ. ಮೊದಲ ಸುತ್ತಿನಲ್ಲೇ 300ರಿಂದ 400 ವೋಲ್ಟ್ ಚಿಮ್ಮುತ್ತದೆ. ಎರಡನೆಯ ಸುತ್ತಿನಲ್ಲಿ ಅದು ನೂರು ಪಟ್ಟಾಗಿ ಪ್ಲಗ್ಗಿಗೆ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸ್ವಿಚ್ ಹಾಕಿದ ತಕ್ಷಣ ಕಾಯಿಲಿನಲ್ಲಿ ಕರೆಂಟ್ ಪೂರ್ತಿ ಏರುವುದಿಲ್ಲ. ನಿಧಾನವಾಗಿ ಏರುತ್ತದೆ. ಅದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ಪೂರ್ತಿ ಏರುವ ಮೊದಲೇ ಕತ್ತರಿಸಿದರೆ ಕಿಡಿ ಬಡಕಲಾಗುತ್ತದೆ. ಕರೆಂಟ್ ಅರ್ಧಕ್ಕೆ ಇಳಿದರೆ ಕಾಯಿಲಿನಲ್ಲಿ ಕೂಡಿಟ್ಟ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಕಾಯಿಲ್, ಅದರ ಕರೆಂಟನ್ನು ಕತ್ತರಿಸುವ ಪಾಯಿಂಟ್ ಎಂಬ ಪುಟ್ಟ ಸ್ವಿಚ್, ಬ್ಯಾಟರಿ ಸೇರಿದ ಈ ವ್ಯವಸ್ಥೆಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ರೂಪಿಸಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್, ದೀಪ, ಇಗ್ನಿಷನ್ ಮೂರೂ ಒಂದೇ ವಿದ್ಯುತ್ ವ್ಯವಸ್ಥೆಯಾಗಿ ಬಂದವು. ಅದಕ್ಕೂ ಮೊದಲು, ಬ್ಯಾಟರಿ ಇಲ್ಲದೆ ಕಾಂತದಿಂದಲೇ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊ ಇತ್ತು. ಜರ್ಮನಿಯ ಬಾಷ್ ಕಂಪನಿಯ ಗಾಟ್ಲೊಬ್ ಹೊನೊಲ್ಡ್ 1902ರಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗನ್ನು ಜೋಡಿಯಾಗಿ ತಂದಿದ್ದರು. ನಮ್ಮ ಗ್ಯಾರೇಜುಗಳಲ್ಲಿ ಹಳಬರು ಇಂದಿಗೂ ಕೇಳುವ ಮೈಕೋ ಪ್ಲಗ್ ಅದೇ ಬಾಷ್ ಮನೆತನದ್ದು. ಬೆಂಗಳೂರಿನ ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು.

ಒಂದು ಶಾಫ್ಟ್, ಮೂರು ಕೆಲಸ

ಡಿಸ್ಟ್ರಿಬ್ಯೂಟರ್ ಕಿಡಿ ಹಂಚುವ ಡಬ್ಬಿ ಮಾತ್ರ ಎಂದು ತಿಳಿದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಅದು ಮೂರು ಕೆಲಸ ಮಾಡುತ್ತಿತ್ತು. ಕಾಯಿಲಿನ ಕರೆಂಟನ್ನು ಕತ್ತರಿಸುತ್ತಿತ್ತು. ಯಾವ ಗಳಿಗೆಯಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸುತ್ತಿತ್ತು. ಬಂದ ಕಿಡಿಯನ್ನು ಸರಿಯಾದ ಸಿಲಿಂಡರಿಗೆ ಕಳಿಸುತ್ತಿತ್ತು. ಮೂರೂ ಒಂದೇ ಶಾಫ್ಟಿನ ಮೇಲೆ.

ಆ ಶಾಫ್ಟ್ ಸಾಮಾನ್ಯವಾಗಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನಿಂದ ತಿರುಗುತ್ತದೆ. ಅಂದರೆ ಎಂಜಿನ್ ಎರಡು ಸುತ್ತು ಹಾಕಿದಾಗ ಇದು ಒಂದು ಸುತ್ತು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿಗೂ ಒಂದು ಕಿಡಿ ಬೇಕು. ಹಾಗಾಗಿ ಲೆಕ್ಕ ಸರಿಹೊಂದುತ್ತದೆ. ಶಾಫ್ಟಿನ ಮೇಲೆ ಸಿಲಿಂಡರ್ ಎಷ್ಟೋ ಅಷ್ಟು ಉಬ್ಬುಗಳಿರುವ ಕ್ಯಾಮ್. ಪ್ರತಿ ಉಬ್ಬು ಪಾಯಿಂಟ್‌ಗಳನ್ನು ತೆರೆಯುತ್ತದೆ. ತೆರೆದಾಗ ಸಂದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಪಾಯಿಂಟ್ ತೆರೆದ ಕ್ಷಣವೇ ಕಿಡಿಯ ಕ್ಷಣ. ಪಕ್ಕದಲ್ಲಿರುವ ಪುಟ್ಟ ಕಂಡೆನ್ಸರ್ ಇಲ್ಲದಿದ್ದರೆ ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನ ಸಂದಿನಲ್ಲೇ ಉರಿದುಹೋಗುತ್ತದೆ. ಕಂಡೆನ್ಸರ್ ಸತ್ತರೆ ಗಾಡಿ ನಿಲ್ಲುವುದು ಅದಕ್ಕೇ.

ಶಾಫ್ಟಿನ ತುದಿಯಲ್ಲಿ ರೋಟರ್ ತಿರುಗುತ್ತದೆ. ಕಾಯಿಲಿನಿಂದ ಬಂದ ಹೈವೋಲ್ಟೇಜ್ ಮುಚ್ಚಳದ ನಡುವಿನ ಕಾರ್ಬನ್ ಬ್ರಷ್ ಮೂಲಕ ರೋಟರಿಗೆ ಇಳಿಯುತ್ತದೆ. ಅಲ್ಲಿಂದ ಮುಚ್ಚಳದ ಅಂಚಿನ ಲೋಹದ ತುದಿಗೆ ಹಾರಿ, ಹೈವೋಲ್ಟೇಜ್ ಒಯ್ಯುವ ದಪ್ಪ ಎಚ್‌ಟಿ ವೈರಿನಲ್ಲಿ ಪ್ಲಗ್ಗಿಗೆ ಹೋಗುತ್ತದೆ. ಹಾರಿ ಎನ್ನುವುದನ್ನು ಗಮನಿಸಿ. ರೋಟರಿಗೂ ತುದಿಗೂ ಮುಟ್ಟುವ ಸಂಪರ್ಕ ಇಲ್ಲ, ಸಣ್ಣ ಗಾಳಿಯ ಸಂದು ಇದೆ. ಹಾಗಾಗಿ ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನಿನಲ್ಲಿ ಪ್ರತಿ ಸಲವೂ ಎರಡು ಕಿಡಿ. ಒಂದು ಮುಚ್ಚಳದೊಳಗೆ, ಇನ್ನೊಂದು ಸಿಲಿಂಡರಿನೊಳಗೆ.

ಇನ್ನು ಟೈಮಿಂಗ್. ಡಿಸ್ಟ್ರಿಬ್ಯೂಟರ್ ಕೆಲಸಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು.

ಕಿಡಿ ಬಿದ್ದ ಕೂಡಲೇ ಮಿಶ್ರಣವೆಲ್ಲ ಒಟ್ಟಿಗೆ ಉರಿಯುವುದಿಲ್ಲ. ಬೆಂಕಿ ಹರಡಲು ಒಂದೆರಡು ಮಿಲಿಸೆಕೆಂಡ್ ಹಿಡಿಯುತ್ತದೆ. ಪಿಸ್ಟನ್ ಮೇಲಿನ ತುದಿ ದಾಟಿ ಇಳಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಒತ್ತಡ ಶಿಖರಕ್ಕೆ ಬರಬೇಕು. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಸುಮಾರು 15 ಡಿಗ್ರಿ ದಾಟಿದಾಗ ಬಂದರೆ ಒಳ್ಳೆಯದು. ಎಂಜಿನ್ ನಿಮಿಷಕ್ಕೆ 3,000 ಸುತ್ತು, ಅಂದರೆ 3,000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 18 ಡಿಗ್ರಿ ತಿರುಗುತ್ತದೆ. 800 ಆರ್‌ಪಿಎಂ ಐಡ್ಲಿಂಗಿನಲ್ಲಿ ಐದು ಡಿಗ್ರಿಗೂ ಕಡಿಮೆ. ಆದ್ದರಿಂದ ವೇಗ ಏರಿದಂತೆ ಕಿಡಿ ಮೊದಲೇ ಬೀಳಬೇಕು. ಇದಕ್ಕೆ ಅಡ್ವಾನ್ಸ್ ಎನ್ನುತ್ತಾರೆ.

ಕಂಪ್ಯೂಟರ್ ಇಲ್ಲದೆ ಇದನ್ನು ಹೇಗೆ ಮಾಡುತ್ತಿದ್ದರು? ಡಿಸ್ಟ್ರಿಬ್ಯೂಟರ್ ಒಳಗೆ ಸ್ಪ್ರಿಂಗ್ ಕಟ್ಟಿದ ಎರಡು ಚಿಕ್ಕ ತೂಕಗಳಿವೆ. ವೇಗ ಏರಿದಂತೆ ಅವು ಹೊರಕ್ಕೆ ಹಾರಿ ಕ್ಯಾಮನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತವೆ. ಪಾಯಿಂಟ್ ಬೇಗ ತೆರೆಯುತ್ತದೆ. ಪಕ್ಕದಲ್ಲಿ ತಟ್ಟೆಯಂಥ ವ್ಯಾಕ್ಯೂಮ್ ಡಬ್ಬಿ ಇದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಸಿಲಿಂಡರಿನಲ್ಲಿ ಮಿಶ್ರಣ ವಿರಳ. ಅದು ನಿಧಾನವಾಗಿ ಉರಿಯುತ್ತದೆ. ಹಾಗಾಗಿ ಇನ್ನಷ್ಟು ಅಡ್ವಾನ್ಸ್ ಬೇಕು. ಅದೇ ಹೊತ್ತಿನಲ್ಲಿ ಇನ್‌ಟೇಕಿನ ವ್ಯಾಕ್ಯೂಮ್ ಜಾಸ್ತಿ ಇರುತ್ತದೆ. ಅದು ರಬ್ಬರ್ ಪರದೆಯನ್ನು ಎಳೆದು, ಪಾಯಿಂಟ್ ಕೂತ ತಟ್ಟೆಯನ್ನು ತಿರುಗಿಸುತ್ತದೆ. ಎರಡು ತೂಕ, ಎರಡು ಸ್ಪ್ರಿಂಗ್, ಒಂದು ರಬ್ಬರ್ ಪರದೆ. ಇಷ್ಟರಲ್ಲೇ ವೇಗ ಮತ್ತು ಹೊರೆ ಎರಡನ್ನೂ ಅಳೆದು ಉತ್ತರ ಕೊಡುವ ಲೆಕ್ಕದ ಯಂತ್ರ. ಇದನ್ನು ಯೋಚಿಸಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಆದರೆ ಅದಕ್ಕೆ ಗೊತ್ತಿದ್ದದ್ದು ಆ ಎರಡೇ ವಿಷಯ. ಎಂಜಿನ್ ತಣ್ಣಗಿದೆಯೋ ಕಾದಿದೆಯೋ, ಪೆಟ್ರೋಲ್ ಒಳ್ಳೆಯದೋ ಕೆಟ್ಟದೋ, ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಟಕಟಕ ಎನ್ನುತ್ತಿದೆಯೋ (ಇದೇ ನಾಕ್) ಇಲ್ಲವೋ, ಇವೊಂದೂ ಅದಕ್ಕೆ ತಿಳಿಯದು. ಸವೆತ ಬೇರೆ. ಪಾಯಿಂಟಿನ ಮುಖ ಸುಟ್ಟು ಗುಳಿ ಬೀಳುತ್ತದೆ. ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದರೆ ಸಂದು ಕಡಿಮೆಯಾಗಿ ಟೈಮಿಂಗ್ ಜಾರುತ್ತದೆ. ಶಾಫ್ಟಿನ ಬುಷ್ ಸಡಿಲವಾದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಟೈಮಿಂಗ್. ಮಳೆಗಾಲದಲ್ಲಿ ಮುಚ್ಚಳದೊಳಗೆ ತೇವ ಸೇರಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಒದ್ದೆ ಪ್ಲಾಸ್ಟಿಕ್ ಮೇಲೆ ಹರಿದುಹೋಗುತ್ತದೆ. ಆ ದಾರಿಯಲ್ಲಿ ಕರಿ ಗೆರೆ ಮೂಡಿದರೆ ಮುಚ್ಚಳವನ್ನೇ ಬದಲಿಸಬೇಕು. ಮಲೆನಾಡು, ಕರಾವಳಿಯಲ್ಲಿ ಹಳೆಯ ಪೆಟ್ರೋಲ್ ಗಾಡಿ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಆ ಲೆಕ್ಕ

ಸವೆತ, ತೇವ ಇವೆಲ್ಲ ಕಿರಿಕಿರಿ. ಅಷ್ಟಕ್ಕೇ ಆಗಿದ್ದರೆ ಇನ್ನೂ ಗಟ್ಟಿಯಾದ ಡಿಸ್ಟ್ರಿಬ್ಯೂಟರ್ ಮಾಡಬಹುದಿತ್ತು. ನಿಜವಾದ ಗೋಡೆ ಬೇರೆ ಇತ್ತು.

ನಾಲ್ಕು ಸಿಲಿಂಡರಿನ ಎಂಜಿನ್ 6,000 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 100 ಸುತ್ತು. ಸುತ್ತಿಗೆ ಎರಡು ಕಿಡಿ. ಅಂದರೆ ಸೆಕೆಂಡಿಗೆ 200 ಕಿಡಿ. ಒಂದರಿಂದ ಇನ್ನೊಂದಕ್ಕೆ ಬರೀ 5 ಮಿಲಿಸೆಕೆಂಡ್. ಈ ಐದರಲ್ಲೇ ಕಿಡಿ ಉರಿದು ಮುಗಿಯಬೇಕು, ಪಾಯಿಂಟ್ ಮತ್ತೆ ಮುಚ್ಚಬೇಕು, ಕಾಯಿಲ್ ಚಾರ್ಜ್ ಆಗಬೇಕು. ಪಾಯಿಂಟ್ ಮುಚ್ಚಿರುವುದು ಸುಮಾರು 3 ಮಿಲಿಸೆಕೆಂಡ್ ಮಾತ್ರ. ಆ ಕಾಲದ ಕಾಯಿಲ್ ಪೂರ್ತಿ ಚಾರ್ಜ್ ಆಗಲು ಇದು ಸಾಲದು. ಅಂದರೆ ಎಂಜಿನ್ ಅತಿ ಹೆಚ್ಚು ದುಡಿಯುವಾಗಲೇ ಕಿಡಿ ಅತಿ ದುರ್ಬಲ. ಎಂಟು ಸಿಲಿಂಡರಿನ ಅಮೆರಿಕನ್ ಎಂಜಿನ್ನಿನಲ್ಲಿ ಕಿಡಿಯಿಂದ ಕಿಡಿಗೆ ಸಿಗುತ್ತಿದ್ದದ್ದು ಆ ಐದರ ಅರ್ಧ, 2.5 ಮಿಲಿಸೆಕೆಂಡ್. ಅದಕ್ಕೇ ಅಲ್ಲಿನ ವೇಗದ ಕಾರುಗಳಲ್ಲಿ ಎರಡು ಜೊತೆ ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ ಹಾಕುತ್ತಿದ್ದರು.

ಹಾಗಾದರೆ ಬೇಗ ಚಾರ್ಜ್ ಆಗುವ ಕಾಯಿಲ್ ಹಾಕಬಹುದಲ್ಲ? ಹಾಕಬಹುದು. ಆದರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ನಾಲ್ಕೈದು ಆಂಪಿಯರ್ ದಾಟಿದರೆ ಪಾಯಿಂಟ್‌ಗಳು ಬೇಗ ಸುಟ್ಟುಹೋಗುತ್ತವೆ.

ಈ ಗಂಟನ್ನು ಬಿಡಿಸಲು ಮೊದಲ ಹೆಜ್ಜೆ ಪಾಯಿಂಟ್ ತೆಗೆದು ಟ್ರಾನ್ಸಿಸ್ಟರ್ ಹಾಕಿದ್ದು. 1970ರ ದಶಕದಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್‌ನಂಥ ಕಂಪನಿಗಳು ಇದನ್ನು ಸಾಮಾನ್ಯ ಕಾರುಗಳಿಗೂ ತಂದವು. ಪಾಯಿಂಟ್ ಇದ್ದ ಜಾಗದಲ್ಲಿ ಒಂದು ಸೆನ್ಸರ್ ಬಂತು. ಅದು ಸಿಗ್ನಲ್ ಕೊಡುತ್ತದೆ, ಟ್ರಾನ್ಸಿಸ್ಟರ್ ಕರೆಂಟ್ ಕತ್ತರಿಸುತ್ತದೆ. ಟ್ರಾನ್ಸಿಸ್ಟರಿಗೆ ಸವೆತ ಇಲ್ಲ. ದೊಡ್ಡ ಕರೆಂಟನ್ನೂ ತಡೆಯುತ್ತದೆ. ಕಿಡಿಗೆ ಬಲ ಬಂತು. ಗಮನಿಸಿ, ಇದರಲ್ಲಿ ಡಿಸ್ಟ್ರಿಬ್ಯೂಟರ್ ಹಾಗೇ ಉಳಿದಿದೆ. ಕತ್ತರಿಸುವ ಕೆಲಸ ಮಾತ್ರ ಹೊರಗೆ ಹೋಗಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಎಂದರೆ ಡಿಸ್ಟ್ರಿಬ್ಯೂಟರ್ ಇಲ್ಲದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ.

ಎರಡನೆಯ ಹೆಜ್ಜೆಯಲ್ಲಿ ಟೈಮಿಂಗ್ ತೀರ್ಮಾನ ಹೊರಗೆ ಹೋಯಿತು. 1979ರಲ್ಲಿ ಬಾಷ್ ಕಂಪನಿಯ ಮೊಟ್ರೊನಿಕ್ ಬಿಎಂಡಬ್ಲ್ಯು ಕಾರಿನಲ್ಲಿ ಬಂತು. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಂಡಿತು. ತೂಕ, ಸ್ಪ್ರಿಂಗುಗಳಿಗೆ ಕೆಲಸ ಇಲ್ಲವಾಯಿತು. ಉಳಿದದ್ದು ರೋಟರ್ ಮತ್ತು ಮುಚ್ಚಳ. ಹಂಚುವ ಕೆಲಸ ಮಾತ್ರ.

ಎರಡು ಸಿಲಿಂಡರಿಗೆ ಒಂದು ಕಾಯಿಲ್

ಹಂಚುವುದನ್ನೂ ಬಿಟ್ಟುಬಿಡುವ ಉಪಾಯ ಸರಳವಾಗಿದೆ. ಅಷ್ಟೇ ಸೊಗಸಾಗಿಯೂ ಇದೆ.

ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್ನಿನಲ್ಲಿ 1 ಮತ್ತು 4ನೆಯ ಪಿಸ್ಟನ್ ಒಟ್ಟಿಗೆ ಮೇಲೇರುತ್ತವೆ. 2 ಮತ್ತು 3 ಒಟ್ಟಿಗೆ. 1ನೆಯದು ಮಿಶ್ರಣವನ್ನು ಒತ್ತಿ ಕಿಡಿಗೆ ಕಾಯುತ್ತಿರುವಾಗ, 4ನೆಯದು ಉರಿದ ಹೊಗೆಯನ್ನು ಹೊರಗೆ ತಳ್ಳಿ ಮುಗಿಸುತ್ತಿರುತ್ತದೆ. ಆಗ ಎರಡಕ್ಕೂ ಒಟ್ಟಿಗೇ ಕಿಡಿ ಕೊಟ್ಟರೆ ಏನಾಗುತ್ತದೆ? 1ರಲ್ಲಿ ಮಿಶ್ರಣ ಹೊತ್ತಿಕೊಳ್ಳುತ್ತದೆ. 4ರಲ್ಲಿ ಹೊತ್ತಿಕೊಳ್ಳಲು ಏನೂ ಇಲ್ಲ. ಕಿಡಿ ವ್ಯರ್ಥ, ಆದರೆ ತೊಂದರೆಯೂ ಇಲ್ಲ. ಒಂದು ಸುತ್ತಾದ ಮೇಲೆ ಪಾತ್ರ ಅದಲುಬದಲು. ಇದನ್ನು ವೇಸ್ಟ್ ಸ್ಪಾರ್ಕ್ ಎನ್ನುತ್ತಾರೆ.

ಕಾಯಿಲಿನ ಎರಡನೆಯ ಸುತ್ತಿನ ಒಂದು ತುದಿ 1ನೆಯ ಪ್ಲಗ್ಗಿಗೆ, ಇನ್ನೊಂದು ತುದಿ 4ನೆಯ ಪ್ಲಗ್ಗಿಗೆ. ಎಂಜಿನ್ನಿನ ಲೋಹದ ಮೂಲಕ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಒಂದು ಪ್ಲಗ್ಗಿನಲ್ಲಿ ಕಿಡಿ ನಡುವಿನಿಂದ ಅಂಚಿಗೆ ಹಾರಿದರೆ, ಇನ್ನೊಂದರಲ್ಲಿ ಅಂಚಿನಿಂದ ನಡುವಿಗೆ. ಹೊಗೆ ಇರುವ ಸಿಲಿಂಡರಿನಲ್ಲಿ ಒತ್ತಡ ಕಡಿಮೆ. ಕಿಡಿ ಸಣ್ಣ ವೋಲ್ಟೇಜಿನಲ್ಲೇ ಹಾರಿಬಿಡುತ್ತದೆ. ಕಾಯಿಲಿನ ಹೆಚ್ಚಿನ ಬಲ ಬೇಕಾದ ಕಡೆಗೇ ಸಿಗುತ್ತದೆ. ಪ್ಲಗ್ ಎರಡು ಪಟ್ಟು ಕಿಡಿ ಹೊಡೆಯುವುದರಿಂದ ಸವೆತ ಜಾಸ್ತಿ. ಅರ್ಧ ಪ್ಲಗ್ಗುಗಳಲ್ಲಿ ಕಿಡಿ ಉಲ್ಟಾ ಹಾರುವುದರಿಂದ ಅಂಚಿನ ಕಡ್ಡಿಯೂ ಸವೆಯುತ್ತದೆ. ಇಂಥ ಎಂಜಿನ್ನಿಗೆ ಎರಡೂ ಕಡೆ ಪ್ಲಾಟಿನಂ ಇರುವ ಪ್ಲಗ್ ಹೇಳಿರುತ್ತಾರೆ. ಹೇಳಿದ್ದರೆ ಅದನ್ನೇ ಹಾಕಿ.

ಉಪಾಯ ಹೊಸದೇನಲ್ಲ. 1948ರಲ್ಲಿ ಫ್ರಾನ್ಸಿನಲ್ಲಿ ಬಂದ ಸಿತ್ರೊಯೆನ್ 2ಸಿವಿ ಎಂಬ ಬಡವರ ಕಾರಿಗೆ ಎರಡೇ ಸಿಲಿಂಡರ್. ಅದಕ್ಕೆ ಪಾಯಿಂಟ್ ಇತ್ತು, ಆದರೆ ರೋಟರ್, ಮುಚ್ಚಳ ಇರಲಿಲ್ಲ. ಒಂದೇ ಕಾಯಿಲ್ ಎರಡೂ ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುತ್ತಿತ್ತು. ಸಸ್ತಾ ಕಾರು ಮಾಡಲು ಹೊರಟವರು ಕಂಡುಕೊಂಡ ದಾರಿ ಮುಂದೆ ದುಬಾರಿ ಕಾರುಗಳಿಗೂ ಬಂತು. ಇಂಥ ಸಂಗತಿಗಳಿಗಾಗಿಯೇ ಎಂಜಿನ್ ಚರಿತ್ರೆ ಓದುವುದು ಖುಷಿ ಕೊಡುತ್ತದೆ. 1980ರ ದಶಕದ ನಡುವಿನಲ್ಲಿ ಅಮೆರಿಕದ ಬ್ಯುಯಿಕ್ ಟರ್ಬೊ ವಿ6 ಎಂಜಿನ್ನಿಗೆ ಮೂರು ಕಾಯಿಲಿನ ಪ್ಯಾಕ್ ಬಂತು. ನಂತರದ ವರ್ಷಗಳಲ್ಲಿ ಇದು ಎಲ್ಲೆಡೆ ಹಬ್ಬಿತು.

ಲೆಕ್ಕಕ್ಕೆ ಮರಳೋಣ. ನಾಲ್ಕು ಸಿಲಿಂಡರಿಗೆ ಎರಡು ಕಾಯಿಲ್. ಪ್ರತಿ ಕಾಯಿಲ್ ಸುತ್ತಿಗೊಮ್ಮೆ ಕಿಡಿ ಕೊಡುತ್ತದೆ. 6,000 ಆರ್‌ಪಿಎಂನಲ್ಲಿ ಸಿಗುವ ಸಮಯ 10 ಮಿಲಿಸೆಕೆಂಡ್. ಹಳೆಯದರ ಎರಡು ಪಟ್ಟು.

ಮೂರು ಸಿಲಿಂಡರಿನ ಎಂಜಿನ್ನಿಗೆ ಮಾತ್ರ ಈ ಜೋಡಿ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಯಾವ ಎರಡು ಪಿಸ್ಟನ್ನೂ ಒಟ್ಟಿಗೆ ಮೇಲೆ ಬರುವುದಿಲ್ಲ. ಭಾರತದ ರಸ್ತೆಗಳಲ್ಲಿ ಮೂರು ಸಿಲಿಂಡರಿನ ಕಾರುಗಳು ಎಷ್ಟಿವೆ ಎನ್ನುವುದು ನಮಗೆಲ್ಲ ಗೊತ್ತು. ಅಂಥ ಎಂಜಿನ್ನಿಗೆ ಸಿಲಿಂಡರಿಗೊಂದು ಕಾಯಿಲ್ ಕೊಡುವುದೇ ಸಹಜವಾದ ದಾರಿ.

ಪ್ಲಗ್ಗಿನ ಮೇಲೇ ಕಾಯಿಲ್

ಕೊನೆಯ ಹೆಜ್ಜೆ ಅದೇ. ಪ್ರತಿ ಪ್ಲಗ್ಗಿಗೂ ಅದರದ್ದೇ ಕಾಯಿಲ್. ಎಚ್‌ಟಿ ವೈರ್ ಇಲ್ಲ. ಹೈವೋಲ್ಟೇಜ್ ದಾಟಬೇಕಾದ ದಾರಿ ಕೆಲವೇ ಸೆಂಟಿಮೀಟರ್. ದಾರಿಯಲ್ಲಿ ಸೋರಿಹೋಗುವುದು ಕಡಿಮೆ, ರೇಡಿಯೊದಲ್ಲಿ ಕರಕರ ಶಬ್ದವೂ ಕಡಿಮೆ. ಸಮಯದ ಲೆಕ್ಕದಲ್ಲಿ ಪ್ರತಿ ಕಾಯಿಲ್ ಎರಡು ಸುತ್ತಿಗೊಮ್ಮೆ ಕಿಡಿ ಕೊಟ್ಟರೆ ಸಾಕು. 6,000 ಆರ್‌ಪಿಎಂನಲ್ಲೂ 20 ಮಿಲಿಸೆಕೆಂಡ್ ಸಿಗುತ್ತದೆ.

ಈ ಇಪ್ಪತ್ತನ್ನೂ ಕಾಯಿಲ್ ಬಳಸುವುದಿಲ್ಲ. ಮೂರ್ನಾಲ್ಕು ಮಿಲಿಸೆಕೆಂಡಿನಲ್ಲಿ ಚಾರ್ಜ್ ಆಗುತ್ತದೆ, ಕಿಡಿ ಕೊಡುತ್ತದೆ, ಉಳಿದ ಹೊತ್ತು ತಣ್ಣಗಾಗುತ್ತದೆ. ಬಿಡುವು ಇರುವುದರಿಂದಲೇ ಅಷ್ಟು ಸಣ್ಣ ಕಾಯಿಲ್ ಕೆಲಸ ಮಾಡುವುದು ಸಾಧ್ಯವಾಯಿತು. ಎಷ್ಟು ಹೊತ್ತು ಚಾರ್ಜ್ ಮಾಡಬೇಕು ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನೋಡಿಕೊಳ್ಳುತ್ತದೆ. ಚಳಿಯ ಬೆಳಗಿನಲ್ಲಿ ಸೆಲ್ಫ್ ಹೊಡೆದಾಗ ಬ್ಯಾಟರಿ ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಆಗ ಇಸಿಯು ಚಾರ್ಜ್ ಸಮಯ ಹೆಚ್ಚಿಸುತ್ತದೆ. ಪಾಯಿಂಟಿಗೆ ಈ ವಿವೇಚನೆ ಇರಲಿಲ್ಲ.

ಶಾಫ್ಟೇ ಇಲ್ಲದ ಮೇಲೆ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಕ್ರ್ಯಾಂಕ್‌ಶಾಫ್ಟಿಗೆ ಹಲ್ಲಿನ ಚಕ್ರ ಒಂದನ್ನು ಕೂರಿಸಿರುತ್ತಾರೆ. ಬಹಳ ಎಂಜಿನ್ನುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಹಲ್ಲಿಗೆ ಆರು ಡಿಗ್ರಿ. ಬಿಟ್ಟ ಜಾಗ ಸೆನ್ಸರ್ ಮುಂದೆ ಬಂದಾಗ ಇಸಿಯುಗೆ ಗುರುತು ಸಿಗುತ್ತದೆ. ಅಲ್ಲಿಂದ ಹಲ್ಲು ಎಣಿಸುತ್ತಾ ಹೋಗುತ್ತದೆ. ನಡುವಿನ ಡಿಗ್ರಿಗಳನ್ನು ಸಮಯದಿಂದ ಲೆಕ್ಕ ಹಾಕುತ್ತದೆ. ಪಿಸ್ಟನ್ ಮೇಲೆ ಬಂದದ್ದು ಒತ್ತುವುದಕ್ಕೋ ಹೊಗೆ ತಳ್ಳುವುದಕ್ಕೋ ಎಂದು ತಿಳಿಯಲು ಕ್ಯಾಮ್ ಸೆನ್ಸರ್. ವೇಸ್ಟ್ ಸ್ಪಾರ್ಕಿಗೆ ಕಿಡಿಯ ಮಟ್ಟಿಗೆ ಕ್ಯಾಮ್ ಸೆನ್ಸರ್ ಬೇಕಿರಲಿಲ್ಲ, ಎರಡಕ್ಕೂ ಕಿಡಿ ಬೀಳುತ್ತದಲ್ಲ. ಸಿಲಿಂಡರಿಗೊಂದು ಕಾಯಿಲ್ ಬಂದ ಮೇಲೆ ಬೇಕಾಯಿತು.

ಒಂದೊಂದು ಸಿಲಿಂಡರನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಲು ಸಾಧ್ಯವಾದದ್ದು ದೊಡ್ಡ ಬದಲಾವಣೆ. ಯಾವುದೋ ಒಂದು ಸಿಲಿಂಡರ್ ನಾಕ್ ಆದರೆ ನಾಕ್ ಸೆನ್ಸರ್ ಆ ಸದ್ದು ಹಿಡಿಯುತ್ತದೆ. ಇಸಿಯು ಆ ಸಿಲಿಂಡರಿನ ಕಿಡಿಯನ್ನು ಮಾತ್ರ ಕೆಲವು ಡಿಗ್ರಿ ಹಿಂದಕ್ಕೆ ತರುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಕೊನೆಗೆ ತಂದ ಡೈರೆಕ್ಟ್ ಇಗ್ನಿಷನ್ ನೇರ ಪ್ಲಗ್ಗಿನ ಮೇಲೇ ಕೂರುವ ವ್ಯವಸ್ಥೆ. ಅದರ ಮುಂದಿನ ಆವೃತ್ತಿಗಳು ಪ್ಲಗ್ಗನ್ನೇ ಸೆನ್ಸರ್ ಮಾಡಿಕೊಂಡವು. ಉರಿದ ಅನಿಲದಲ್ಲಿ ಕರೆಂಟ್ ಸ್ವಲ್ಪ ಹರಿಯುತ್ತದೆ. ಪ್ಲಗ್ಗಿಗೆ ಸಣ್ಣ ವೋಲ್ಟೇಜ್ ಕೊಟ್ಟು ಆ ಕರೆಂಟ್ ಅಳೆದರೆ ಮಿಶ್ರಣ ಉರಿಯಿತೋ ಇಲ್ಲವೋ, ನಾಕ್ ಆಯಿತೋ ಎಲ್ಲವೂ ತಿಳಿಯುತ್ತದೆ. ರೋಟರ್ ಮುಂದಿನ ಗಾಳಿಯ ಸಂದು ನಡುವೆ ಇದ್ದರೆ ಇಷ್ಟು ಸಣ್ಣ ಕರೆಂಟ್ ವಾಪಸ್ ಬಂದು ಮುಟ್ಟುವುದೇ ಇಲ್ಲ.

ಕಂಪನಿಗಳು ಖರ್ಚು ಮಾಡಿ ಇದಕ್ಕೆಲ್ಲ ಒಪ್ಪಿದ್ದು ಹೊಗೆ ನಿಯಮಗಳಿಂದ. ಒಂದು ಕಿಡಿ ತಪ್ಪಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಅಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದರೊಳಗೆ ಉರಿದು, ಜೇನುಗೂಡಿನಂಥ ಒಳಮೈಯನ್ನೇ ಕರಗಿಸಬಹುದು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ನಂತರ ಭಾರತ್ ಸ್ಟೇಜ್ ನಿಯಮಗಳು ಹಂತಹಂತವಾಗಿ ಬಿಗಿಯಾಗುತ್ತಾ ಹೋದವು. 2020ರ ಏಪ್ರಿಲ್ 1ರಿಂದ ಬಿಎಸ್6. ಸವೆಯುತ್ತಾ ಟೈಮಿಂಗ್ ಬದಲಿಸಿಕೊಳ್ಳುವ ಯಂತ್ರಕ್ಕೆ ಇಲ್ಲಿ ಜಾಗ ಉಳಿಯಲಿಲ್ಲ.

ಕೆಟ್ಟಾಗ ಏನಾಗುತ್ತದೆ

ಕಾಯಿಲ್ ಸತ್ತಾಗ ಮೂರು ವ್ಯವಸ್ಥೆಗಳ ಲಕ್ಷಣ ಬೇರೆಬೇರೆ. ಡಿಸ್ಟ್ರಿಬ್ಯೂಟರ್ ಗಾಡಿಯಲ್ಲಿ ಇರುವುದು ಒಂದೇ ಕಾಯಿಲ್, ಹಾಗಾಗಿ ಎಂಜಿನ್ ಪೂರ್ತಿ ಬಂದ್. ವೇಸ್ಟ್ ಸ್ಪಾರ್ಕಿನಲ್ಲಿ ಒಂದು ಜೋಡಿ ಸಿಲಿಂಡರ್ ಸಾಯುತ್ತದೆ, ಗಾಡಿ ನಡುಗುತ್ತಾ ತೆವಳುತ್ತದೆ. ಪ್ಲಗ್ಗಿಗೊಂದು ಕಾಯಿಲ್ ಇದ್ದರೆ ಒಂದು ಸಿಲಿಂಡರ್ ಮಾತ್ರ. "ಮಿಸ್ಸಿಂಗ್ ಇದೆ, ಪಿಕಪ್ ಇಲ್ಲ" ಎಂದು ಗ್ಯಾರೇಜಿನಲ್ಲಿ ಹೇಳುವುದು ಇದನ್ನೇ.

ಗಾಡಿ ಹೇಗೋ ಓಡುತ್ತಿದೆಯಲ್ಲ ಎಂದು ಸುಮ್ನೆ ಓಡಿಸಬೇಡಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಅದು ಕನ್ವರ್ಟರಿಗೆ ಅಪಾಯ ಎನ್ನುವ ಎಚ್ಚರಿಕೆ. ಕಾಯಿಲಿಗಿಂತ ಕನ್ವರ್ಟರ್ ಬಹಳ ದುಬಾರಿ.

ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್, ಪಿ0302 ಎಂದರೆ ಎರಡನೆಯದರಲ್ಲಿ. ಪಿ0300 ಬಂದರೆ ಯಾವುದೆಂದು ಗೊತ್ತುಮಾಡಲಾಗದ, ಅಲ್ಲಿ ಇಲ್ಲಿ ಆಗುವ ಮಿಸ್‌ಫೈರ್. ಆದರೆ ಕೋಡ್ ಹೇಳುವುದು ಸಿಲಿಂಡರ್ ಉರಿಯಲಿಲ್ಲ ಎಂದು. ಕಾಯಿಲ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ವಾಲ್ವ್ ಇರಬಹುದು. ಕಂಡುಹಿಡಿಯುವ ದಾರಿ ಸುಲಭ. ಎಂಜಿನ್ ಆಫ್ ಮಾಡಿ, ಒಂದನೆಯ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ ಓಡಿಸಿ. ಕೋಡ್ ಪಿ0302 ಆಗಿ ಬದಲಾದರೆ ತಪ್ಪು ಕಾಯಿಲಿನದ್ದು. ಪಿ0301 ಅಲ್ಲೇ ನಿಂತರೆ ಕಾಯಿಲ್ ಸರಿ ಇದೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಹೀಗಿದ್ದೂ ಒಂದು ಕಾಯಿಲ್ ಹೋಯಿತೆಂದು ಎಲ್ಲವನ್ನೂ ಬದಲಿಸಿ ಬಿಲ್ ಮಾಡುವ ಅಭ್ಯಾಸ ಹಲವು ಕಡೆ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಗ್ರಾಹಕರು "ಅದಲುಬದಲು ಮಾಡಿ ನೋಡಿದಿರಾ?" ಎಂದು ಕೇಳಬೇಕು.

ಅದಕ್ಕಿಂತ ಮುಖ್ಯ ಪ್ರಶ್ನೆ ಕಾಯಿಲ್ ಯಾಕೆ ಸತ್ತಿತು ಎನ್ನುವುದು. ಬಹಳ ಸಲ ಕಾರಣ ಹಳೆಯ ಪ್ಲಗ್. ಪ್ಲಗ್ ಸವೆದು ಸಂದು ಅಗಲವಾದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಅಷ್ಟನ್ನೂ ಕೊಡಲು ಹೆಣಗುತ್ತದೆ. ಒಂದು ದಿನ ಒಳಗಿನ ಇನ್ಸುಲೇಷನ್ ಒಡೆದು, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅಡ್ಡದಾರಿ ಹಿಡಿಯುತ್ತದೆ. ಹೊಸ ಕಾಯಿಲ್ ಹಾಕಿ ಹಳೆಯ ಪ್ಲಗ್ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ ಎಂದರ್ಥ. ಕಾಯಿಲಿನ ರಬ್ಬರ್ ಅದರಿಂದ ಹಾಳಾಗುತ್ತದೆ. ವಾಟರ್ ಸರ್ವಿಸಿನಲ್ಲಿ ಎಂಜಿನ್ ಮೇಲೆ ಜೋರು ನೀರು ಬಿಟ್ಟರೂ ಇದೇ ತೊಂದರೆ. ಡಿಸ್ಟ್ರಿಬ್ಯೂಟರ್ ಹೋಯಿತು ಎಂದ ಮಾತ್ರಕ್ಕೆ ತೇವದ ಭಯ ಪೂರ್ತಿ ಹೋಗಲಿಲ್ಲ.

ಹಳೆಯ ಗಾಡಿಯಲ್ಲಿ ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ಎಚ್‌ಟಿ ವೈರ್ ಎಳೆದು, ಬ್ಲಾಕಿಗೆ ಕಿಡಿ ಹಾರಿಸಿ ನೋಡುತ್ತಿದ್ದರು. ಹೊಸ ಕಾಯಿಲಿನಲ್ಲಿ ಇದನ್ನು ಮಾಡಲೇಬಾರದು. ಕಿಡಿಗೆ ದಾರಿ ಸಿಗದಿದ್ದರೆ ವೋಲ್ಟೇಜ್ ಒಳಗೇ ಸಿಡಿದು ಕಾಯಿಲನ್ನೋ ಇಸಿಯುವಿನಲ್ಲಿ ಅದನ್ನು ನಡೆಸುವ ಸರ್ಕ್ಯೂಟನ್ನೋ ಸುಡಬಹುದು. ಮನುಷ್ಯರಿಗೂ ಅಪಾಯ. ಈಗಿನ ಕಾಯಿಲ್‌ಗಳ ಶಕ್ತಿ ಹಳೆಯದಕ್ಕಿಂತ ಹೆಚ್ಚು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ನಿನ ಕಾಯಿಲ್ ಹತ್ತಿರ ಕೈಹಾಕಬಾರದು.

ಹಳೆಯದಕ್ಕೆ ಇದ್ದ ಒಂದು ಗುಣ ಹೊಸದಕ್ಕೆ ಇಲ್ಲ. ಅದನ್ನು ರಸ್ತೆಯ ಪಕ್ಕದಲ್ಲೇ ರಿಪೇರಿ ಮಾಡಬಹುದಿತ್ತು. ಪಾಯಿಂಟನ್ನು ಎಮರಿ ಕಾಗದದಲ್ಲಿ ಉಜ್ಜಿ, ಸಂದು ಹೊಂದಿಸಿ, ಟೆಸ್ಟ್ ಲ್ಯಾಂಪ್ ಇಟ್ಟು ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿದರೆ ಟೈಮಿಂಗ್ ಕೂರುತ್ತಿತ್ತು. ಹೊಸ ಎಂಜಿನ್ನಿನ ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಬಹಳ ಗಾಡಿಗಳು ನಿಂತಲ್ಲೇ ನಿಲ್ಲುತ್ತವೆ. ಕೈಯಿಂದ ಮಾಡುವಂಥದ್ದು ಏನೂ ಇರುವುದಿಲ್ಲ. ಆದರೂ ಎರಡನ್ನೂ ತೂಗಿದರೆ ನಾನು ಹೊಸದರ ಕಡೆಗೇ. ಪಾಯಿಂಟನ್ನು ಹತ್ತು ಸಾವಿರ ಕಿಲೋಮೀಟರಿಗೊಮ್ಮೆಯಾದರೂ ನೋಡಬೇಕಿತ್ತು. ಇರಿಡಿಯಂ ಪ್ಲಗ್ ಮತ್ತು ಕಾಯಿಲ್ ಇದ್ದರೆ ಅದರ ಎಷ್ಟೋ ಪಟ್ಟು ದೂರ ಬಾನೆಟ್ ಎತ್ತುವ ಅಗತ್ಯವೇ ಬೀಳುವುದಿಲ್ಲ.

ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ನಡುವಿನ ದಾರಿಯೂ ಇದೆ. ಪಾಯಿಂಟ್ ತೆಗೆದು ಅದೇ ಮುಚ್ಚಳದ ಕೆಳಗೆ ಕೂರಿಸುವ ಎಲೆಕ್ಟ್ರಾನಿಕ್ ಕಿಟ್ ಸಿಗುತ್ತವೆ. ಹೊರನೋಟ ಬದಲಾಗುವುದಿಲ್ಲ, ಸ್ಟಾರ್ಟಿಂಗ್ ಸುಧಾರಿಸುತ್ತದೆ. ಹಾಕಿಸುವುದಾದರೆ ಮೊದಲು ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಬುಷ್ ಸಡಿಲವಿದ್ದರೆ ಕಿಟ್ ಹಾಕಿದರೂ ಟೈಮಿಂಗ್ ನಿಲ್ಲುವುದಿಲ್ಲ. ಕಾಯಿಲ್ ಕೂಡ ಕಿಟ್‌ಗೆ ಹೊಂದಬೇಕು. ಪಾಯಿಂಟ್ ಕಾಲದ ಕಾಯಿಲಿನ ಮೊದಲ ಸುತ್ತಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 3 ಓಮ್ ಹತ್ತಿರ, ಎಲೆಕ್ಟ್ರಾನಿಕ್ ಕಾಯಿಲಿನದ್ದು ಹೆಚ್ಚಾಗಿ ಒಂದು ಓಮಿಗಿಂತ ಕಡಿಮೆ. "ಜೋರು ಕಾಯಿಲ್" ಎಂದು ಕಡಿಮೆ ಓಮಿನದ್ದನ್ನು ತಂದು ಪಾಯಿಂಟಿಗೆ ಜೋಡಿಸಿದರೆ ಪಾಯಿಂಟ್ ಬೇಗ ಸುಟ್ಟುಹೋಗುತ್ತದೆ. ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿದು ಅಳೆಸಿ, ಆಮೇಲೆ ದುಡ್ಡು ಕೊಡಿ.